23 ಅಂಕಿಗಳ ಒಂದು ಸಂಖ್ಯೆ

ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆಯೊಂದಿಗೆ ಒಣಗಿಸುವ ಕಾಫಿ ಕಾಳು, ಒಣಗಿದೆಯೋ ಇಲ್ಲವೋ ಎಂದು ನಮ್ಮ ಮಾವ ನೋಡುವುದು ಹಲ್ಲಿನಿಂದ. ಕಣದಿಂದ ನಾಲ್ಕು ಕಾಳು ಎತ್ತಿ, ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದಿ, ಒಂದನ್ನು ದವಡೆಯ ನಡುವೆ ಇಟ್ಟು ಕಚ್ಚುತ್ತಾರೆ. ಹಲ್ಲಿನ ಗುರುತು ಮೂಡಿದರೆ ಇನ್ನೊಂದು ಬಿಸಿಲು ಬೇಕು, ಕಟಕ್ಕೆಂದು ಒಡೆದರೆ ಚೀಲ ತುಂಬಬಹುದು. ಐವತ್ತು ವರ್ಷದಿಂದ ಈ ಲೆಕ್ಕ ತಪ್ಪಿಲ್ಲ. ಆದರೆ ಕಾಫಿ ಖರೀದಿಗೆ ಬರುವವರು ಮಾವನ ಹಲ್ಲನ್ನು ನಂಬುವುದಿಲ್ಲ. ಅವರ ಜೇಬಿನಲ್ಲಿ ತೇವಾಂಶ ಅಳೆಯುವ ಮೀಟರ್ ಇರುತ್ತದೆ. ಅದು ಪ್ರತಿ ವರ್ಷವೂ ಶೇಕಡಾ ಒಂದು, ಒಂದೂವರೆ ಹೆಚ್ಚೇ ತೋರಿಸುತ್ತದೆ. “ಹನ್ನೆರಡರ ಮೇಲಿದೆ ಅಕ್ಕಾ, ನೀವೇ ನೋಡಿ” ಎಂದು ಪರದೆಯನ್ನು ನನ್ನ ಮುಖದ ಹತ್ತಿರ ಹಿಡಿಯುತ್ತಾರೆ. ಚೀಲಕ್ಕೆ ಇಷ್ಟು ಎಂದು ಬೆಲೆ ಇಳಿಯುತ್ತದೆ.

ಅವರ ಮೀಟರಿಗೆ ಎದುರಾಗಿ ನಮ್ಮದೂ ಒಂದು ಮೀಟರ್ ಇರಲಿ ಎಂಬ ಹಟದಲ್ಲಿ ಈ ಕಥೆ ಶುರುವಾಯಿತು. ಕೊಡಗಿನ ಮಾದಾಪುರದ ಹತ್ತಿರ ನಮಗಿರುವುದು ಆರು ಎಕರೆ ಅರೇಬಿಕಾ. ದೊಡ್ಡ ಎಸ್ಟೇಟಿನವರು ಕೊಳ್ಳುವ ಯಂತ್ರ ನಮ್ಮ ಕೈಗೆ ಎಟುಕುವುದಿಲ್ಲ. ಹುಡುಕುತ್ತಾ ಹೋದಾಗ ಬ್ರಿಟನ್ನಿನ ಒಂದು ಆನ್‌ಲೈನ್ ಅಂಗಡಿ ಸಿಕ್ಕಿತು. ಪಾರ್ಚ್‌ಮೆಂಟಿಗೆ ಬೇರೆ, ಹಣ್ಣನ್ನು ಹಾಗೇ ಒಣಗಿಸಿದ ಚೆರಿಗೆ ಬೇರೆ ಅಳತೆ ಇರುವ ಮೀಟರ್, 189 ಪೌಂಡ್. ಸಾಗಣೆಗೆ 24. ಒಟ್ಟು 213. 2024ರ ಅಕ್ಟೋಬರ್ 14ರಂದು, ಕೊಯ್ಲಿಗೆ ಮೊದಲೇ ಕೈಗೆ ಬರಲಿ ಎಂದು ಆರ್ಡರ್ ಮಾಡಿದೆ.

ನನ್ನ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ವಹಿವಾಟು ಮುಚ್ಚಿತ್ತು. ರಿಸರ್ವ್ ಬ್ಯಾಂಕಿನ 2020ರ ಸೂಚನೆಯಿಂದಾಗಿ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ, ಬೇಕಾದವರು ತೆರೆದುಕೊಳ್ಳಬೇಕು. ತೆರೆದೆ. ಕಾರ್ಡಿನ ಸಂಖ್ಯೆ, ಅವಧಿ, ಬೆನ್ನಿನ ಮೂರಂಕಿ ಹಾಕಿದೆ. ಒಟಿಪಿ ಬರಲಿ ಎಂದು ಮೊಬೈಲ್ ಹಿಡಿದು ಕೂತರೆ, ಬಂದದ್ದು ಹಣ ಹೋಯಿತು ಎಂಬ ಸಂದೇಶ. ಸುಂಟಿಕೊಪ್ಪದ ಅಂಗಡಿಗೆ ಹತ್ತು ರೂಪಾಯಿ ಕಳಿಸಲು ಪಿನ್ ಕೇಳುವ ಮೊಬೈಲು ಲಂಡನ್ನಿಗೆ ಇಪ್ಪತ್ತನಾಲ್ಕು ಸಾವಿರ ಕಳಿಸುವಾಗ ಏನನ್ನೂ ಕೇಳಲಿಲ್ಲ. ಬಿಲ್ಲಿನಲ್ಲಿ ಮೂರು ಸಾಲು: ವಸ್ತುವಿಗೆ ₹23,430, ಬ್ಯಾಂಕು ಸೇರಿಸುವ ವಿದೇಶಿ ಕರೆನ್ಸಿ ಶುಲ್ಕ, ಅಂದರೆ ಮಾರ್ಕ್‌ಅಪ್ ₹820, ಅದರ ಮೇಲೆ ಜಿಎಸ್‌ಟಿ ₹148. ಆಗ ಈ ಕೊನೆಯ ಎರಡು ಸಾಲುಗಳನ್ನು ನಾನು ಸರಿಯಾಗಿ ಓದಲೂ ಇಲ್ಲ.

ಪಾರ್ಸೆಲ್ ಭಾರತಕ್ಕೆ ಬಂದಾಗ ಕೊರಿಯರಿನವರು ಆಧಾರ್ ಕೇಳಿದರು, ಆಮೇಲೆ ಸುಂಕ, ತೆರಿಗೆ, ತಮ್ಮ ನಿರ್ವಹಣಾ ಶುಲ್ಕ ಎಂದು ₹6,840 ಕೇಳಿದರು. ಇಷ್ಟೇಕೆ ಎಂದು ಫೋನಿನಲ್ಲಿ ವಾದಿಸಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಕಟ್ಟಿದೆ. ನವೆಂಬರ್ 4ಕ್ಕೆ ಮೀಟರ್ ಮನೆಗೆ ಬಂತು.

ಮೊದಲ ಪಾರ್ಚ್‌ಮೆಂಟ್ ಕಣದಲ್ಲಿ ಒಣಗುವ ಹೊತ್ತಿಗೆ ನವೆಂಬರ್ 20. ಒಂದು ಹಿಡಿ ಕಾಳು ಮೀಟರಿನ ಬಟ್ಟಲಿಗೆ ಹಾಕಿ ಮುಚ್ಚಳ ತಿರುಗಿಸಿದೆ. 8.4. ಅದೇ ಕಾಳನ್ನು ತೆಗೆದು ಮತ್ತೆ ಹಾಕಿದೆ. 13.1. ಮೂರನೆಯ ಸಲ 10.6. ಬಟ್ಟಲು ಖಾಲಿ ಮಾಡಿ, ಬಟ್ಟೆಯಿಂದ ಒರೆಸಿ, ಬರೀ ಮುಚ್ಚಳ ಹಾಕಿ ಒತ್ತಿದೆ. 6.2. ಪಕ್ಕದಲ್ಲಿ ನಿಂತಿದ್ದ ಮಾವ, “ಗಾಳಿಯಲ್ಲಿಯೂ ತೇವ ಇರುತ್ತದಲ್ಲಮ್ಮಾ, ಅದನ್ನೂ ಅಳೆದುಕೊಟ್ಟಿದೆ” ಎಂದು ಹೇಳಿ ಒಂದು ಕಾಳು ಕಚ್ಚಿ, ಇನ್ನೊಂದು ದಿನ ಬೇಕು ಎಂದು ನಡೆದರು. ಪಕ್ಕಾ ಮಾಡಿಕೊಳ್ಳೋಣ ಎಂದು ಅದೇ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸಿಗೆ ಒಯ್ದೆ. ಅವರ ಯಂತ್ರ ಮೂರು ಸಲವೂ ಹನ್ನೊಂದರ ಆಸುಪಾಸಿನಲ್ಲೇ ನಿಂತಿತು. ಇನ್ನೊಂದು ದಿನ ಬೇಕು ಎಂದ ಮಾವನ ಹಲ್ಲೇ ಸರಿ.

ಆ ರಾತ್ರಿ ಅಂಗಡಿಗೆ ಬರೆದ ಮೊದಲ ಇಮೇಲನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಕೊಯ್ಲಿನ ಒತ್ತಡ, ಕೆಲಸದವರು ಸಿಗದೆ ಇರುವುದು, ಅಕಾಲದ ಮಳೆ, ವ್ಯಾಪಾರಿಗಳ ಮೀಟರ್, ಎಲ್ಲವನ್ನೂ ತೋಡಿಕೊಂಡಿದ್ದೆ. ಮೈಸೂರಿನಲ್ಲಿ ಓದುವ ಮಗಳಿಗೆ ಅದರ ಪ್ರತಿ ಕಳಿಸಿದಾಗ ಅವಳು ಫೋನ್ ಮಾಡಿದಳು. “ಅಮ್ಮಾ, ಕೆಲಸದವರ ಲೈನ್ ಮನೆ ಖಾಲಿ ಇರುವುದನ್ನು ಕಟ್ಟಿಕೊಂಡು ಅವರಿಗೇನಾಗಬೇಕು? ಏನು ಕೊಂಡೆ, ಏನು ಕೆಟ್ಟಿದೆ, ಏನು ಬೇಕು. ಮೂರು ಸಾಲು ಬರೆ.” ಅಲ್ಲಿಂದ ಮುಂದೆ ಮೂರೇ ಸಾಲು ಬರೆದೆ. ಪ್ರತಿ ಪತ್ರದ ತಲೆಗೆ ಆರ್ಡರ್ ಸಂಖ್ಯೆ, ಅದೇ ಇಮೇಲ್ ಸರಣಿಯಲ್ಲೇ ಉತ್ತರ. ಹೊಸದಾಗಿ ಶುರು ಮಾಡಿದರೆ ಅವರಿಗೂ ಹೊಸದಾಗಿ ಶುರು ಮಾಡಲು ನೆಪ ಸಿಗುತ್ತದೆ.

ಅವರ ಕಡೆಯಿಂದ ಉತ್ತರ ತಪ್ಪದೆ ಬರುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಪ್ರತಿ ಸಲ ಬೇರೆ ಹೆಸರು, ಪ್ರತಿ ಸಲ “ನಿಮ್ಮ ತಾಳ್ಮೆಗೆ ಧನ್ಯವಾದ”. ಬ್ಯಾಟರಿ ಬದಲಿಸಿ ಎಂದರು, ಬದಲಿಸಿದೆ. ಮೀಟರನ್ನು ಮೊದಲಿನ ಸ್ಥಿತಿಗೆ ತನ್ನಿ ಎಂದರು, ತಂದೆ. ವಿಡಿಯೋ ಕಳಿಸಿ ಎಂದರು, ಖಾಲಿ ಬಟ್ಟಲಿನ 6.2 ಕಾಣುವ ಹಾಗೆ ಕಳಿಸಿದೆ. ಆಮೇಲೆ ಬಂದ ಉತ್ತರ ನನ್ನನ್ನು ಸ್ವಲ್ಪ ತಬ್ಬಿಬ್ಬು ಮಾಡಿತು: ನೀವು ಬೆಳೆಗಾರರು, ವ್ಯಾಪಾರಕ್ಕಾಗಿ ಕೊಂಡವರು, ಗ್ರಾಹಕರಿಗಿರುವ ಹಕ್ಕು ನಿಮಗಿಲ್ಲ. ನಾನೇ ಮೊದಲ ಪತ್ರದಲ್ಲಿ ಹರಡಿಟ್ಟ ಕಷ್ಟಸುಖದಿಂದ ಅವರು ಹೆಕ್ಕಿಕೊಂಡ ಎಳೆ ಅದು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲಿ ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸಬಹುದು, ಆದರೆ ಅದು ಮುಖ್ಯವಾಗಿ ತನ್ನ ಉದ್ಯೋಗದ ಹೊರಗಿನ ಬಳಕೆಗೆ ಕೊಂಡವರಿಗೆ. ನಮ್ಮ 2019ರ ಕಾಯ್ದೆ ಈ ವಿಷಯದಲ್ಲಿ ಉದಾರ. ಹೊಟ್ಟೆಪಾಡಿಗಾಗಿ ಸ್ವಂತ ಕಸುಬಿಗೆ ಕೊಂಡವರನ್ನೂ ಅದು ಗ್ರಾಹಕರೆಂದೇ ಎಣಿಸುತ್ತದೆ. ಎರಡು ದೇಶಗಳ ಕಾಯ್ದೆಯನ್ನು ಎತ್ತಿ ಜಗಳಕ್ಕೆ ನಿಲ್ಲುವ ಶಕ್ತಿ ನನಗಿರಲಿಲ್ಲ. ಅದೃಷ್ಟಕ್ಕೆ ಅವರದೇ ಜಾಲತಾಣದ ವಾಪಸಾತಿ ಪುಟದಲ್ಲಿ “ಎಲ್ಲ ಕೊಳ್ಳುವವರಿಗೂ 30 ದಿನ” ಎಂದಿತ್ತು, ನಾನು ದೂರು ಕೊಟ್ಟದ್ದು ಹದಿನೇಳನೆಯ ದಿನ. ಆ ಪುಟದ ಚಿತ್ರ ತೆಗೆದು ಕಳಿಸಿದೆ. ಡಿಸೆಂಬರ್ 6ರಂದು, ವಸ್ತು ಕಳಿಸಿ, ಹಣ ಹಿಂತಿರುಗಿಸುತ್ತೇವೆ ಎಂದು ಬರೆದರು. ಕಳಿಸುವ ಖರ್ಚು ನನ್ನದು.

ಮಡಿಕೇರಿಯ ಪ್ರಧಾನ ಅಂಚೆ ಕಚೇರಿಯಲ್ಲಿ ಕಳೆದ ಒಂದು ಗಂಟೆ ಈ ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಅತ್ಯಂತ ಮನುಷ್ಯ ಗಂಟೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಡಬ್ಬಿ ಬಿಚ್ಚಿಸಿದಳು. ಒಳಗೆ ಬ್ಯಾಟರಿ ಇರಬಾರದು ಎಂದು ಒಂಬತ್ತು ವೋಲ್ಟಿನ ಆ ಚೌಕ ಬ್ಯಾಟರಿಯನ್ನು ಕಳಚಿ ನನ್ನ ಕೈಗಿಟ್ಟಳು. ಸಿಎನ್ 23 ಎಂಬ ಕಸ್ಟಮ್ಸ್ ಘೋಷಣಾ ಪತ್ರದಲ್ಲಿ ‘ಮಾರಾಟ’ ಎಂಬ ಕಡೆ ಗುರುತು ಹಾಕಲು ಹೊರಟವಳನ್ನು ತಡೆದು, ‘ವಾಪಸ್ ಹೋಗುವ ವಸ್ತು’ ಎಂಬಲ್ಲಿ ಹಾಕಿಸಿದಳು. ಇಲ್ಲವಾದರೆ ಅಲ್ಲಿ ಅವರ ಮೇಲೆ ಸುಂಕ ಬೀಳುತ್ತದೆ, ಪಾರ್ಸೆಲ್ ಬೇಡ ಎಂದುಬಿಡುತ್ತಾರೆ, ಅದು ತಿರುಗಿ ನಿಮ್ಮ ಮನೆಗೇ ಬರುತ್ತದೆ ಎಂದಳು. ಸ್ಪೀಡ್ ಪೋಸ್ಟಿಗೆ ₹2,310. ಬ್ಯಾಟರಿ ಏಕಿಲ್ಲ ಎಂದು ಒಂದು ಚೀಟಿ ಬರೆದು ಒಳಗಿಟ್ಟು, ಅದರ ಫೋಟೋ ತೆಗೆದುಕೊಂಡೆ. ಇವಿಷ್ಟೂ ಮುಂದೆ ಕೆಲಸಕ್ಕೆ ಬಂದವು. ಡಿಸೆಂಬರ್ 20ರಂದು ಲಂಡನ್ನಿನಲ್ಲಿ ಯಾರೋ ಸಹಿ ಹಾಕಿ ಪಡೆದರು. ಆ ಪುಟವನ್ನೂ ಅವತ್ತೇ ಉಳಿಸಿಕೊಂಡೆ. ಟ್ರ್ಯಾಕಿಂಗ್ ಪುಟಗಳಿಗೆ ಆಯುಸ್ಸು ಕಡಿಮೆ, ಕೆಲವು ತಿಂಗಳ ಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ.

ಸುಂಕದ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ದೋಷವಿದ್ದ ವಸ್ತುವನ್ನು ಹೊರದೇಶಕ್ಕೆ ಮರಳಿಸಿದರೆ ಕಟ್ಟಿದ ಆಮದು ಸುಂಕ ವಾಪಸ್ ಕೇಳಲು ಕಸ್ಟಮ್ಸ್ ಕಾಯ್ದೆಯ 26ಎ ಕಲಂನಲ್ಲಿ ಅವಕಾಶವಿದೆ. ಆದರೆ ಬಿಡುಗಡೆಯಾದ 30 ದಿನದೊಳಗೆ, ಕಸ್ಟಮ್ಸ್ ಅಧಿಕಾರಿಗೆ ಇದೇ ಆ ವಸ್ತು ಎಂದು ತೋರಿಸಿ ಕಳಿಸಬೇಕು. ಅಂಗಡಿಯವರು ನನ್ನಿಂದ ಬ್ಯಾಟರಿ ಬದಲಿಸಿ ವಿಡಿಯೋ ತೆಗೆಸುವಷ್ಟರಲ್ಲಿ ಆ 30 ದಿನ ಮುಗಿದಿತ್ತು. ನನಗೆ ಈ ಕಲಂ ತಿಳಿದದ್ದೂ ಜನವರಿಯಲ್ಲಿ. ಆ ₹6,840ಕ್ಕೆ ಎಳ್ಳುನೀರು ಬಿಟ್ಟೆ.

ಜನವರಿ 8ಕ್ಕೆ ಇಮೇಲ್: “ನಿಮ್ಮ ಹಣವನ್ನು 6ನೇ ತಾರೀಕು ಹಿಂತಿರುಗಿಸಲಾಗಿದೆ.” ಖುಷಿಯಿಂದ ಕಾರ್ಡಿನ ಲೆಕ್ಕ ತೆರೆದರೆ ಏನೂ ಇಲ್ಲ. ಹತ್ತು ದಿನ ಕಾದು ಕೇಳಿದೆ. ಬ್ಯಾಂಕಿನಲ್ಲಿ ತಡವಾಗುತ್ತದೆ, ನಿಮ್ಮ ಬ್ಯಾಂಕನ್ನೇ ವಿಚಾರಿಸಿ ಎಂದರು. ನಮ್ಮ ಶಾಖೆಯವರು ಕಾರ್ಡ್ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಸಹಾಯವಾಣಿಗೆ ಮಾತಾಡಿ ಎಂದರು. ಸಹಾಯವಾಣಿಯಲ್ಲಿ ಕನ್ನಡಕ್ಕೆ ಒಂದು ಗುಂಡಿ ಇತ್ತು, ಒತ್ತಿದೆ. ಅರ್ಧ ಗಂಟೆ ಸಂಗೀತ ಕೇಳಿದ ಮೇಲೆ ಸಿಕ್ಕ ಹುಡುಗ ಒಂದು ಮಾತು ಹೇಳಿದ, ನನ್ನ ಹಣ ಬಂದದ್ದು ಆ ಮಾತಿನಿಂದ. “ಮೇಡಂ, ಅವರು ನಿಜವಾಗಿಯೂ ರಿಫಂಡ್ ಮಾಡಿದ್ದರೆ ಅದಕ್ಕೊಂದು ಎಆರ್‌ಎನ್ ಇರುತ್ತದೆ. 23 ಅಂಕಿಗಳ ಸಂಖ್ಯೆ. ಅದನ್ನು ಕೊಡಲು ಹೇಳಿ. ಅದು ಸಿಕ್ಕರೆ ಹಣ ಎಲ್ಲಿದೆ ಎಂದು ನಾನು ಹುಡುಕಬಲ್ಲೆ. ಸಿಗದಿದ್ದರೆ ರಿಫಂಡ್ ಆಗಿಲ್ಲ ಎಂದು ತಿಳಿಯಿರಿ.”

ಕಾರ್ಡಿನ ಪ್ರತಿ ವ್ಯವಹಾರಕ್ಕೂ ಮಾರಾಟಗಾರನ ಬ್ಯಾಂಕು ಇಂಥ ಒಂದು ಸಂಖ್ಯೆ ಕೊಡುತ್ತದೆ, ಹಣ ಹಿಂದಕ್ಕೆ ಬರುವಾಗಲೂ ಕೊಡುತ್ತದೆ. ಪಾರ್ಸೆಲಿಗೆ ಟ್ರ್ಯಾಕಿಂಗ್ ಸಂಖ್ಯೆ ಇದ್ದ ಹಾಗೆ. ಜನವರಿ 27ರಂದು ಅಂಗಡಿಗೆ ಒಂದೇ ಸಾಲು ಬರೆದೆ: 6ನೇ ತಾರೀಕಿನ ರಿಫಂಡಿನ ಎಆರ್‌ಎನ್ ಕೊಡಿ. ಅಲ್ಲಿಯವರೆಗೆ ಎರಡು ದಿನ ಮೀರದೆ ಉತ್ತರಿಸುತ್ತಿದ್ದವರು ಮೌನವಾದರು. ತಾಳ್ಮೆಗೆ ಧನ್ಯವಾದವೂ ಇಲ್ಲ. ಕೆಲವು ದಿನ ಬಿಟ್ಟು ಅದೇ ಸಾಲು ಮತ್ತೊಮ್ಮೆ. ಮತ್ತೆ ಮೌನ.

ಅಷ್ಟರಲ್ಲಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ. ಮಾರಾಟಗಾರ ಮೋಸ ಮಾಡಿದಾಗ ನಮ್ಮ ಬ್ಯಾಂಕು ಕಾರ್ಡ್ ಜಾಲದ ಮೂಲಕ ಅವನ ಬ್ಯಾಂಕಿನಿಂದ ಹಣ ಹಿಂದಕ್ಕೆ ಎಳೆಯುವುದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಇದು ಕಾನೂನು ಕೊಟ್ಟ ಹಕ್ಕಲ್ಲ, ಕಾರ್ಡ್ ಜಾಲಗಳ ಒಳಗಿನ ನಿಯಮ. ಸಾಮಾನ್ಯವಾಗಿ 120 ದಿನದ ಗಡುವು. ಎಲ್ಲಿಂದ ಎಣಿಸಬೇಕು ಎನ್ನುವುದು ಕಾರಣದ ಮೇಲೆ ಬದಲಾಗುತ್ತದೆ. ನಾನು ಅತ್ಯಂತ ಹಿಂದಿನ ದಿನದಿಂದ, ಹಣ ಹೋದ ಅಕ್ಟೋಬರ್ 14ರಿಂದ ಎಣಿಸಿದೆ. ಫೆಬ್ರುವರಿ 11ಕ್ಕೆ ಮುಗಿಯುತ್ತಿತ್ತು. ಬ್ರಿಟನ್ನಿನವರು ಅಂತರ್ಜಾಲದಲ್ಲಿ ಕೊಡುವ ಸಲಹೆಯಲ್ಲೆಲ್ಲ ಸೆಕ್ಷನ್ 75 ಎಂಬ ರಾಮಬಾಣದ ಹೆಸರಿದೆ, ಅದರ ಹಿಂದೆ ಎರಡು ಸಂಜೆ ಕಳೆದೆ. ಅದು ಅಲ್ಲಿನ ಸಾಲ ಕಾಯ್ದೆ, ಅಲ್ಲಿನ ಕ್ರೆಡಿಟ್ ಕಾರ್ಡುಗಳಿಗೆ. ಕುಶಾಲನಗರದ ಶಾಖೆಯಲ್ಲಿ ಪಡೆದ ಕಾರ್ಡಿಗೆ ಅದರಿಂದ ಏನೂ ಆಗದು.

ಫೆಬ್ರುವರಿ 3ರಂದು ಚಾರ್ಜ್‌ಬ್ಯಾಕ್ ಕೇಳುವ ಬ್ಯಾಂಕಿನ ಡಿಸ್‌ಪ್ಯೂಟ್ ಫಾರಂ ತುಂಬಿದೆ. ಕಾರಣಗಳ ಎದುರು ಚಿಕ್ಕ ಚಿಕ್ಕ ಚೌಕಗಳು. ‘ವಸ್ತು ದೋಷಪೂರಿತ’ ಎಂಬ ಚೌಕಕ್ಕೆ ಗುರುತು ಹಾಕಿ, ಮೀಟರಿನ ವಿಡಿಯೋ, ಕ್ಯೂರಿಂಗ್ ವರ್ಕ್ಸಿನ ಅಳತೆ ಎಲ್ಲ ಜೋಡಿಸಿಟ್ಟಿದ್ದೆ. ಕಳಿಸುವ ಮೊದಲು ಒಂದು ಸಲ ಕೇಳೋಣ ಎಂದು ಸಹಾಯವಾಣಿಗೆ ಫೋನ್ ಮಾಡಿದೆ. ಈ ಸಲ ಸಿಕ್ಕಾಕೆ ಆ ಚೌಕ ಅಳಿಸಲು ಹೇಳಿದರು. ವಸ್ತು ಕೆಟ್ಟಿದೆ ಎಂದರೆ, ಕೆಟ್ಟಿಲ್ಲ ಎಂದು ಅವರು ವಾದಿಸಬಹುದು. ಕಾಫಿಯ ತೇವಾಂಶದ ಬಗ್ಗೆ ಕಾರ್ಡ್ ಜಾಲದಲ್ಲಿ ಕೂತವರಿಗೆ ಏನು ಗೊತ್ತು? ಅದೇ ‘ರಿಫಂಡ್ ಒಪ್ಪಿ, ಕೊಟ್ಟಿಲ್ಲ’ ಎಂಬ ಚೌಕ ಹಾಕಿದರೆ ಅವರದೇ ಇಮೇಲ್ ಅವರ ಮುಂದೆ ನಿಲ್ಲುತ್ತದೆ. ನನಗೆ ಒಳಗೊಳಗೇ ಬೇಸರವಾಯಿತು, ಆ 6.2ರ ವಿಡಿಯೋವನ್ನು ಯಾರಾದರೂ ನೋಡಲಿ ಎಂಬ ಆಸೆ ಇತ್ತು. ಆದರೂ ತೆಗೆದೆ. ಡಿಸೆಂಬರ್ 6ರ ಒಪ್ಪಿಗೆ, ಅಂಚೆ ರಸೀದಿ, ಲಂಡನ್ನಿನಲ್ಲಿ ತಲುಪಿದ ಪುಟ, ಜನವರಿ 8ರ ‘ಕೊಟ್ಟಿದ್ದೇವೆ’, ಎಆರ್‌ಎನ್ ಕೇಳಿದ ಎರಡು ಪತ್ರ. ಇಷ್ಟೇ ಹೋಯಿತು.

ಫೆಬ್ರುವರಿ ಕೊನೆಗೆ ₹23,430 ತಾತ್ಕಾಲಿಕವಾಗಿ ಜಮೆಯಾಯಿತು. ‘ತಾತ್ಕಾಲಿಕ’ ಎಂಬ ಪದವನ್ನು ಗಮನಿಸದೆ ಮಾವನಿಗೆ ಹೇಳಿ ಬೀಗಿದೆ. ಏಪ್ರಿಲ್ 22ಕ್ಕೆ ಅದೇ ಮೊತ್ತ ಖಾತೆಯಿಂದ ಮತ್ತೆ ಹೋಯಿತು. ಅಂಗಡಿಯವರು ತಕರಾರು ಹಾಕಿದ್ದರು. ವಸ್ತು ನವೆಂಬರ್ 4ರಂದು ಗ್ರಾಹಕರಿಗೆ ತಲುಪಿದೆ ಎಂಬ ಕೊರಿಯರ್ ದಾಖಲೆ, ಒಂದು ಬಿಲ್ಲು. ಜೊತೆಗೆ ಒಂದು ಸಾಲು: ವಾಪಸ್ ಬಂದ ವಸ್ತು ಅಪೂರ್ಣ, ಬ್ಯಾಟರಿ ಇರಲಿಲ್ಲ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಬ್ಯಾಟರಿ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡುಗಳ ನಡುವೆ ಬಿದ್ದಿತ್ತು. ಸಿಟ್ಟು ಇಳಿದ ಮೇಲೆ ನೋಡಿದರೆ ಆ ಸಾಲು ನನ್ನ ಪರವಾಗಿಯೇ ಇತ್ತು. ವಸ್ತು ವಾಪಸ್ ಬಂದಿದೆ ಎಂದು ಅವರೇ ಬರೆದುಕೊಟ್ಟ ಹಾಗಾಯಿತಲ್ಲ! ಚೀಟಿಯ ಫೋಟೋ ಸೇರಿಸಿ ಎರಡನೆಯ ಸುತ್ತಿನ ಉತ್ತರ ಕಳಿಸಿದೆ. ಮೇ 12ಕ್ಕೆ ಬ್ಯಾಂಕಿನಿಂದ ಸಂದೇಶ: ನಿಮ್ಮ ದೂರನ್ನು ಇತ್ಯರ್ಥಪಡಿಸಿ ಮುಚ್ಚಲಾಗಿದೆ. ಏನು ಇತ್ಯರ್ಥ ಎಂದು ಕೇಳಿದರೆ, ಮಾರಾಟಗಾರರು ದಾಖಲೆ ಕೊಟ್ಟಿದ್ದಾರೆ. ನಾನು ಕೊಟ್ಟ ದಾಖಲೆ? ಆ ಪ್ರಶ್ನೆಗೆ ಉತ್ತರವಿಲ್ಲ.

ಈ ನಡುವೆ ಬೇರೆ ಬಾಗಿಲುಗಳನ್ನೂ ತಟ್ಟಿದ್ದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಫೋನ್ ಮಾಡಿದಾಗ ಕನ್ನಡದಲ್ಲೇ ದೂರು ಬರೆದುಕೊಂಡರು, ಅಂಗಡಿಗೆ ಪತ್ರ ಹೋಯಿತು, ಉತ್ತರ ಬರಲಿಲ್ಲ. ಮಡಿಕೇರಿಯಲ್ಲಿ ವಕೀಲಿ ಮಾಡುವ ನಮ್ಮ ಭಾವನನ್ನು ಕೇಳಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ನಾವು ವಾಸಿಸುವ ಊರಿನಿಂದಲೇ ದಾವೆ ಹೂಡಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. “ಹೂಡೋಣ, ಗೆಲ್ಲುತ್ತೀಯ ಕೂಡ. ಆದೇಶದ ಪ್ರತಿ ಹಿಡಿದು ಲಂಡನ್ನಿಗೆ ಯಾರು ಹೋಗುತ್ತಾರೆ?” ಎಂದರು ಭಾವ. ಆಮೇಲೆ ಅವರೇ ಬೇರೆ ದಾರಿ ತೋರಿಸಿದರು. ಅಂಗಡಿಯನ್ನು ಬಿಡು, ಅದು ಕೈಗೆ ಸಿಗುವುದಿಲ್ಲ. ಸಿಗುವುದು ನಿನ್ನ ಬ್ಯಾಂಕು. ಅದು ನಿನ್ನ ಕಾಗದ ಮುಂದಕ್ಕೆ ಕಳಿಸಿತೋ ಇಲ್ಲವೋ, ಅಷ್ಟನ್ನೇ ಕೇಳು.

ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ನೇರವಾಗಿ ಹೋಗುವಂತಿಲ್ಲ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಬೇಕು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ ಹೆಜ್ಜೆ. ಮೇ 13ರಂದು ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ ಬರೆದೆ. ‘ದೂರು ಮುಚ್ಚಲಾಗಿದೆ’ ಎಂಬ ಅದೇ ಸಾಲು ತಿರುಗಿ ಬಂತು. ಜೂನ್ 16ರಂದು ರಿಸರ್ವ್ ಬ್ಯಾಂಕಿನ ದೂರು ಪೋರ್ಟಲಿನಲ್ಲಿ ಅರ್ಜಿ ಹಾಕಿದೆ. 2021ರಲ್ಲಿ ಎಲ್ಲ ಒಂಬುಡ್ಸ್‌ಮನ್ ಯೋಜನೆಗಳನ್ನು ಒಂದಾಗಿಸಿದ ಮೇಲೆ ಯಾವ ಊರಿನವರಾದರೂ ಅಲ್ಲೇ ಹಾಕಬಹುದು, ಖರ್ಚಿಲ್ಲ, ವಕೀಲರು ಬೇಕಿಲ್ಲ. ಅಂಗಡಿ ಮೋಸ ಮಾಡಿತು ಎಂದು ಬರೆದರೆ ಅದು ಅವರ ವ್ಯಾಪ್ತಿಗೆ ಬರುವುದಿಲ್ಲ. ನಾನು ಬರೆದದ್ದು ಇಷ್ಟು: ಏಪ್ರಿಲ್‌ನಲ್ಲಿ ನಾನು ಕಳಿಸಿದ ದಾಖಲೆಗಳನ್ನು ಬ್ಯಾಂಕು ಪರಿಶೀಲಿಸಿ ಮುಂದಿನ ಹಂತಕ್ಕೆ ಕಳಿಸಿತೇ? ಕಳಿಸಿದ್ದರೆ ಯಾವ ದಿನ? ಇಲ್ಲವಾದರೆ ಏಕೆ?

ಜುಲೈ ಮೊದಲ ವಾರ ಮಳೆ ಹಿಡಿಯಿತು. ತೋಟದ ಸಿಲ್ವರ್ ಓಕ್ ಒಂದು ತಂತಿಯ ಮೇಲೆ ಬಿದ್ದು ಮೂರು ದಿನ ಕರೆಂಟ್ ಇಲ್ಲ, ಟವರ್ ಕೂಡ ಸತ್ತಿತ್ತು. ನಾಲ್ಕನೆಯ ದಿನ ಸಾಮಾನು ತರಲು ಕುಶಾಲನಗರಕ್ಕೆ ಇಳಿದಾಗ, ಬಸ್ ನಿಲ್ದಾಣದಲ್ಲಿ ಮೊಬೈಲ್ ಒಮ್ಮೆಲೇ ಬಡಬಡಿಸಿತು. ಬ್ಯಾಂಕಿನ ಇಮೇಲ್, ಜುಲೈ 9ರದ್ದು. ಪ್ರಕರಣವನ್ನು ಮತ್ತೆ ತೆರೆದಿದ್ದೇವೆ, ದಾಖಲೆಗಳನ್ನು ಐದು ಕೆಲಸದ ದಿನದೊಳಗೆ ಮತ್ತೊಮ್ಮೆ ಕಳಿಸಿ. ಎರಡು ದಿನ ಉಳಿದಿತ್ತು. ಕೊಡೆ ಕಂಕುಳಲ್ಲಿ ಇಟ್ಟುಕೊಂಡು, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಒಂದೊಂದೇ ಕಡತವನ್ನು ಏರಿಸಿದೆ. ಎಲ್ಲವೂ ಮೊಬೈಲಿನ ಒಂದೇ ಫೋಲ್ಡರಿನಲ್ಲಿ, ತಾರೀಕಿನ ಹೆಸರಿನಲ್ಲಿ ಇದ್ದದ್ದು ಮಗಳ ಪುಣ್ಯ.

ಹಣ ಬಂದದ್ದು ಜುಲೈ 24ರ ಸಂಜೆ. ಮತ್ತೆ ಕರೆಂಟ್ ಹೋಗಿತ್ತು. ಮಾವ ಜಗಲಿಯಲ್ಲಿ ಕಂಬಳಿ ಹೊದ್ದು ತಮ್ಮ ಹಳೆಯ ಪುಟ್ಟ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ ಕೇಳುತ್ತಿದ್ದರು. ಸಂದೇಶ ಓದಿ, ಬಂತು ಮಾವ ಎಂದೆ.

“ಎಷ್ಟು?”

“ಇಪ್ಪತ್ತಮೂರು ಸಾವಿರದ ನಾನೂರ ಮೂವತ್ತು.”

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಸುಂಕ ಆರು ಸಾವಿರದ ಎಂಟುನೂರು ಚಿಲ್ಲರೆ, ಅಂಚೆ ಎರಡು ಸಾವಿರದ ಮುನ್ನೂರು, ಬ್ಯಾಂಕಿನವರ ಮಾರ್ಕ್‌ಅಪ್ ಸಾವಿರ ಮುಟ್ಟುವಷ್ಟು. “ಹತ್ತು ಸಾವಿರದ ಮೇಲೆ ಹೋಯಿತಲ್ಲಮ್ಮಾ” ಎಂದರು.

ಹೌದು ಎಂದೆ. ಆಗ ರೇಡಿಯೋ ಹೊಸ ಬ್ಯಾಟರಿಯದ್ದರ ಹಾಗೆ ಜೋರಾಗಿ ಮಾತಾಡುತ್ತಿರುವುದು ಗಮನಕ್ಕೆ ಬಂತು. ಅದಕ್ಕೆ ಬೇಕಾದ ಚೌಕ ಬ್ಯಾಟರಿ ಮಾದಾಪುರದ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅವರು ಬೇಸಿಗೆಯಿಂದ ಗೊಣಗುತ್ತಿದ್ದರು. ನಾನು ಎದ್ದು ಒಳಗೆ ಹೋಗಿ ಡ್ರಾಯರ್ ತೆರೆದೆ. ರಬ್ಬರ್ ಬ್ಯಾಂಡುಗಳು ಮಾತ್ರ ಇದ್ದವು.